ಕಾಡು ಆಸ್ಟರಿನ ಬೂದಿ

ಬೂದಿ ರೋಗ ಹಿಡಿದ ಎಲೆ ಕಂಡರೆ ಮಿನ್ನೆಸೋಟಾದ ಜನ ಮೂಗು ಮುರಿಯುತ್ತಾರೆ. ವರ್ನಾ ಮಾತ್ರ ಇಪ್ಪತ್ತು ವರ್ಷದಿಂದ ಅಂಥ ಎಲೆಗಳನ್ನೇ ಹುಡುಕಿಕೊಂಡು ಕಾಡು ಸುತ್ತಿದವಳು. ಶಾಲೆಯ ಬಸ್ಸು ಓಡಿಸುತ್ತಿದ್ದ ಈ ಹೆಂಗಸಿಗೆ ಆ ಹುಚ್ಚು ಹಿಡಿಸಿದವನು ವಿಶ್ವವಿದ್ಯಾಲಯದಲ್ಲಿ ಶಿಲೀಂಧ್ರಗಳ ಅಧ್ಯಯನ ಮಾಡುವ ಮಾರ್ಲಿನ್. ಎಲೆ ಬೆಳ್ಳಗಾದ ಕೂಡಲೇ ಕೀಳಬಾರದು, ಅದರ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಮೂಡುವ ತನಕ ಕಾಯಬೇಕು, ಇಲ್ಲದಿದ್ದರೆ ಬೂದಿ ತರುವ ಶಿಲೀಂಧ್ರ ಯಾವ ಜಾತಿಯದೆಂದು ಹೇಳಲಾಗದು ಎಂದು ಕಲಿಸಿದವನೂ ಅವನೇ.

ಹೋದ ವರ್ಷ ಕಾಡು ಆಸ್ಟರ್ ಗಿಡದಲ್ಲಿ ಅವಳು ಕಂಡ ಬೂದಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂರು ವಾರ ದಿನವೂ ಹೋಗಿ ನೋಡಿ, ಹಿಮ ಬೀಳುವ ಮುಂಚೆ ಎಲೆ ಕಿತ್ತು, ಒಣಗಿಸಿ ಅವನ ಕೈಗಿತ್ತಿದ್ದಳು. ಹೊಸ ಜಾತಿಗೆ ಹೆಸರಿಡುವಾಗ ಎಲೆ ಕಿತ್ತವರ ಹೆಸರೂ ಅಚ್ಚಾಗುತ್ತದೆ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಈ ಸೆಪ್ಟೆಂಬರಿನಲ್ಲಿ ಮಾರ್ಲಿನ್ ಆ ಹೊಸ ಜಾತಿಯ ವಿವರ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆ ಹಿಡಿದು ಬಂದ. ವರ್ನಾ ಕಾಫಿ ಬಗ್ಗಿಸಿಕೊಟ್ಟು, ಕನ್ನಡಕ ಏರಿಸಿ ಓದಿದಳು. ಎಲೆ ಕಿತ್ತವರು: ಮಾರ್ಲಿನ್ ಥಾರ್ಸನ್. ಇನ್ನೊಮ್ಮೆ ಓದಿದಳು. ಪತ್ರಿಕೆಯನ್ನು ಮೇಜಿನ ಮೇಲಿಟ್ಟಳು.

"ನಾನು ಎಲೆ ಕಿತ್ತ ಅಕ್ಟೋಬರಲ್ಲಿ ನೀನು ಮಂಡಿ ಆಪರೇಷನ್ ಮಾಡಿಸ್ಕೊಂಡು ಮಲಗಿದ್ದೆ. ನಾನೇ ಸೂಪ್ ತಂದ್ಕೊಡ್ತಿದ್ದೆ."

"ಅದೇನಂದ್ರೆ ವರ್ನಾ, ವಿಶ್ವವಿದ್ಯಾಲಯದೋರ ಹೆಸರಿದ್ರೆ ಬೇಗ ಒಪ್ಕೋತಾರೆ. ಕೊನೇಲಿ ನಿಂಗೆ ಥ್ಯಾಂಕ್ಸ್ ಹೇಳಿದೀನಿ, ನೋಡು."

"ನೋಡ್ದೆ. ಮೈಕ್ರೋಸ್ಕೋಪ್ ರಿಪೇರಿ ಮಾಡಿದೋನ ಕೆಳಗಿದೀನಿ."

ಅವನು ನಗಲು ನೋಡಿದ. ಬಂದ ಕೆಲಸವೇ ಬೇರೆಯಿತ್ತು. ಇದು ಹೊಸ ಜಾತಿಯೇ ಅಲ್ಲ ಎಂದು ಯಾರೋ ತಕರಾರು ತೆಗೆದಿದ್ದಾರಂತೆ. ಡಿಎನ್‌ಎ ಪರೀಕ್ಷೆಗೆ ಅದೇ ಜಾಗದ ಹೊಸ ಎಲೆ ಬೇಕಂತೆ. ಹೋದ ವರ್ಷ ಅವಳು ಎಲೆ ಹಾಕಿ ಕೊಟ್ಟಿದ್ದ ಪೊಟ್ಟಣದ ಮೇಲೆ ಊರಿನ ಹೆಸರಷ್ಟೇ ಇತ್ತು.

"ಯಾವ ಜಾಗ ಅಂತ ಒಂಚೂರು ತೋರಿಸ್ಬಿಡು," ಎಂದ.

"ಕಿತ್ತೋನು ನೀನಲ್ವಾ ಮಾರ್ಲಿನ್? ಹೋಗು, ಕಿತ್ಕೊ."

ಅವನು ಕೋಟು ತೊಟ್ಟು ಹೊರಟ. ತಪ್ಪಾಯ್ತು ಎಂದಿದ್ದರೆ ಅವಳು ಆ ಕ್ಷಣವೇ ಬೂಟು ಮೆಟ್ಟಿಕೊಂಡು ಜೊತೆಗೆ ಹೋಗುತ್ತಿದ್ದಳು. ಆ ಪುಣ್ಯಾತ್ಮನ ಬಾಯಿಂದ ಅದೊಂದು ಮಾತು ಬರಲಿಲ್ಲ.

ಸಂಜೆ ಒಬ್ಬಳೇ ಹೊಳೆಯಾಚೆಯ ದಿಬ್ಬ ಹತ್ತಿದಳು. ಆಸ್ಟರ್ ಎಲೆಗಳು ಹಿಟ್ಟು ಚೆಲ್ಲಿದಂತೆ ಬೆಳ್ಳಗಿದ್ದವು, ಹೋದ ವರ್ಷಕ್ಕಿಂತ ದಟ್ಟವಾಗಿ. ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು. ಈ ಸುದ್ದಿ ಕೇಳಿ ಕುಣಿದಾಡುವ ಮನುಷ್ಯ ಅವಳಿಗೆ ಗೊತ್ತಿದ್ದವರಲ್ಲಿ ಒಬ್ಬನೇ ಇದ್ದ. ವರ್ನಾ ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತಳು.