ಎರಡನೇ ಪಿನ್ನು

"ಎಳೀಬೇಡ್ವೋ, ವಯರ್ ಕಿತ್ತೋಗತ್ತೆ!"

ಮೇಜಿನ ಇನ್ನೊಂದು ತುದಿ ಹಿಡಿದಿದ್ದ ಭಾವಮೈದುನ ಕೈಬಿಟ್ಟು ನಿಂತ. "ಭಾವ, ಇದನ್ನ ಸರಿಸ್ದೆ ಅಕ್ಕನ್ನ ಹೊರಗೆ ತರೋಕಾಗಲ್ಲ. ಬಾಗಿಲಿಗೇ ಅಡ್ಡ ಇದೆ. ಕೆಳಗೆ ಶವದ ಗಾಡಿ ಬಂದು ಅರ್ಧ ಗಂಟೆ ಆಯ್ತು."

ಅದು ಅವಳ ಕೆಲಸದ ಮೇಜು. ನಿವೃತ್ತಿಯಾಗಿ ಆರು ವರ್ಷವಾದರೂ ಅವಳು ಅದನ್ನು ಬಿಟ್ಟಿರಲಿಲ್ಲ. ಬೆಸುಗೆ ಹಾಕುವ ಕಡ್ಡಿ, ಭೂತಗನ್ನಡಿ, ಅಳತೆಯ ಹಳೆಯ ಪೆಟ್ಟಿಗೆ, ಅಂಗೈಯಗಲದ ಸರ್ಕ್ಯೂಟ್ ಬೋರ್ಡುಗಳು. ಗಂಡ ಒಂದೊಂದೇ ವಯರನ್ನು ತಾನೇ ಬಿಚ್ಚತೊಡಗಿದ. ಒಂದು ಗಂಟು ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ. ಹಲ್ಲಿಗೆ ಹಾಕಿದ. ಮಗಳು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ಅಪ್ಪಾ, ನೀನು ಕೂತ್ಕೋ. ಅಮ್ಮನ ಆಫೀಸಿನ ಸಾಹೇಬ್ರು ಬಂದಿದಾರೆ."

ಅವನು ಕೂರಲಿಲ್ಲ.

*

ಅವಳು ರೇಡಿಯೋ ತಯಾರಿಸುವ ಕಂಪನಿಯಲ್ಲಿ ಸರ್ಕ್ಯೂಟ್ ವಿನ್ಯಾಸ ಮಾಡುತ್ತಿದ್ದಳು. ಅಪಾಯದಲ್ಲಿ ಸಿಲುಕಿದವರನ್ನು ಹುಡುಕುವ ತಂಡಗಳಿಗೆಂದು, ಕಡಿಮೆ ಆವರ್ತನದ ಕೆಳಗಿನ ಅಲೆಗಳಿಂದ ಹೆಚ್ಚಿನ ಆವರ್ತನದ ಮೇಲಿನ ಅಲೆಗಳವರೆಗೆ ಎಲ್ಲವನ್ನೂ ಕೇಳಬಲ್ಲ ರೇಡಿಯೋ ಮಾಡಲು ಹೊರಟಿದ್ದರು. ಅದರಲ್ಲಿ ಅಲೆಗಳನ್ನು ಬೆರೆಸುವ 'ಮಿಕ್ಸರ್' ಚಿಪ್ಪಿಗೆ ಸಿಗ್ನಲ್ ಒಳಬರಲು ಎರಡು ಪಿನ್ನು. ಒಂದಕ್ಕೆ ಸಿಗ್ನಲ್ ನೇರವಾಗಿ, ಇನ್ನೊಂದಕ್ಕೆ ಅದೇ ತಲೆಕೆಳಗಾಗಿ ಹೋಗಬೇಕು. ಆಂಟೆನಾದಿಂದ ಬರುವುದೋ ಒಂದೇ. ಒಂದನ್ನು ಎರಡು ಮಾಡಲು ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರು. ಅದು ಕೆಳಗಿನ ಅಲೆಗಳನ್ನೆಲ್ಲ ನುಂಗಿಹಾಕುತ್ತಿತ್ತು.

"ಟ್ರಾನ್ಸ್‌ಫಾರ್ಮರೇ ಬೇಡ ಸರ್," ಎಂದಳು ಅವಳು. "ಸಿಗ್ನಲ್ಲನ್ನ ಒಂದೇ ಪಿನ್ನಿಗೆ ಕೊಡೋಣ. ಎರಡನೇದನ್ನ ಕೆಪಾಸಿಟರ್ ಹಾಕಿ ಗ್ರೌಂಡಿಗೆ ಕಟ್ಟೋಣ. ಜೋರು ಸ್ವಲ್ಪ ಕಡಿಮೆಯಾಗತ್ತೆ, ಗಲೀಜು ಸದ್ದು ಸ್ವಲ್ಪ ಜಾಸ್ತಿಯಾಗತ್ತೆ. ಆದ್ರೆ ಎಲ್ಲಾ ಕೇಳ್ಸತ್ತೆ."

ಸಾಹೇಬರು ಪರೀಕ್ಷೆಗೆ ದಿನ ಗೊತ್ತುಮಾಡಿದರು. ಅದೇ ದಿನ ಗಂಡನಿಗೆ ಹರ್ನಿಯಾ ಆಪರೇಷನ್. ಹೋಗು ಎಂದಿದ್ದರೆ ಹೋಗುತ್ತಿದ್ದಳೇನೋ. ಅವನು ಹೆದರಿ ಅವಳ ಕೈ ಹಿಡಿದುಕೊಂಡ. ಅವಳು ಉಳಿದಳು.

ಲ್ಯಾಬಿನಲ್ಲಿ ಟ್ರಾನ್ಸ್‌ಫಾರ್ಮರ್ ಕಿತ್ತು ಒಂದು ಪಿನ್ನಿಗೆ ಸಿಗ್ನಲ್ ಕೊಟ್ಟರು. ಎರಡನೆಯದನ್ನು ಹಾಗೇ ಬಿಟ್ಟರು. ಕೆಪಾಸಿಟರಿನ ವಿಷಯ ಯಾರಿಗೂ ನೆನಪಾಗಲಿಲ್ಲ. ರೇಡಿಯೋ ಬರೀ ಗೊರಗುಟ್ಟಿತು. ವರದಿಯಲ್ಲಿ 'ವಿಫಲ' ಎಂದು ಬರೆದು ಸಾಹೇಬರು ಸಹಿ ಹಾಕಿದರು.

ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಅವಳು ಹನ್ನೊಂದು ಸಲ ಬರೆದಳು. ಮುಗಿದ ವಿಷಯ ಎಂದೇ ಉತ್ತರ. ರೇಡಿಯೋ ಹಳೆಯ ರೀತಿಯಲ್ಲೇ ಮಾರಾಟವಾಯಿತು. ಕೆಳಗಿನ ಅಲೆ ಕೇಳಿಸುವುದಿಲ್ಲ ಎಂದು ತಂಡಗಳು ದೂರು ಕಳಿಸಿದಾಗ, ಸಮಜಾಯಿಷಿ ಬರೆಯುವ ಕೆಲಸ ಅವಳ ತಲೆಗೇ ಬಂತು. ಊಟಕ್ಕೆ ಕೂತರೂ ಬೆರಳಲ್ಲಿ ತಟ್ಟೆಯ ಮೇಲೆ ಪಿನ್ನು ಬರೆದು ತೋರಿಸುತ್ತಿದ್ದಳು.

"ಎರಡನೇದನ್ನ ಖಾಲಿ ಬಿಟ್ರೆ ಹೇಗ್ರೀ ಕೆಲಸ ಮಾಡತ್ತೆ?"

"ಬಿಟ್ಟಾಕೇ ಅತ್ಲಾಗೆ. ಊಟ ಆರೋಗತ್ತೆ," ಎನ್ನುತ್ತಿದ್ದ ಅವನು.

*

ಸಾಹೇಬರು ಮೇಜನ್ನು ಬಳಸಿಕೊಂಡು ಒಳಗೆ ಬಂದು ಶವದ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು.

"ಒಳ್ಳೇ ಕೆಲಸಗಾರ್ತಿ. ಹಠ ಮಾತ್ರ ಜಾಸ್ತಿ. ಸಣ್ಣ ವಿಷಯ ಆದ್ರೂ ಹಿಡಿದ್ರೆ ಬಿಡ್ತಿರಲಿಲ್ಲ."

"ಯಾವ ಸಣ್ಣ ವಿಷಯ?" ಅವನು ಹೆಗಲು ಕೊಡವಿದ. "ನಾನು ಮೂವತ್ತು ವರ್ಷ ಬಸ್ ಓಡ್ಸಿದೋನು. ನಿಮ್ಮ ಚಿಪ್ಪು ಗಿಪ್ಪು ನಂಗೊತ್ತಿಲ್ಲ. ಆದ್ರೆ ಎರಡನೇ ಪಿನ್ನು ಖಾಲಿ ಬಿಡಬಾರ್ದು ಅಂತ ನಂಗೂ ಗೊತ್ತು. ಕೆಪಾಸಿಟರ್ ಹಾಕಿ ಗ್ರೌಂಡಿಗೆ ಕಟ್ಬೇಕು. ದೊಡ್ಡದೇ ಹಾಕ್ಬೇಕು, ಇಲ್ದಿದ್ರೆ ಕೆಳಗಿನ ಅಲೆ ಬರಲ್ಲ. ನೀವ್ಯಾಕೆ ಹಾಕ್ಲಿಲ್ಲ?"

ಸಾಹೇಬರು ನೆಲ ನೋಡಿದರು.

"ಈಗ ಹಾಕ್ತಿದೀವಿ."

"ಏನಂದ್ರಿ?"

"ಎರಡು ವರ್ಷ ಆಯ್ತು. ಹೊಸ ರೇಡಿಯೋದಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಅವರು ಹೇಳಿದ್ ಹಾಗೇ ಮಾಡಿದೀವಿ. ಚೆನ್ನಾಗಿ ಕೇಳ್ಸತ್ತೆ."

ಮಗಳ ಕೈಯಲ್ಲಿದ್ದ ವಯರು ಜಾರಿತು. "ಅಮ್ಮಂಗೆ ಯಾಕೆ ಹೇಳ್ಲಿಲ್ಲ? ಹೋದ ವಾರದವರೆಗೂ ಇಲ್ಲೇ ಕೂತು ಅಳತೆ ಮಾಡ್ತಿದ್ಲು. ತನ್ನ ಲೆಕ್ಕದಲ್ಲೇ ಏನೋ ತಪ್ಪಿರ್ಬೇಕು ಅಂತಿದ್ಲು. ಒಂದು ಫೋನ್ ಸಾಕಾಗಿತ್ತಲ್ಲ?"

"ವರದಿಗೆ ಸಹಿ ಹಾಕಿದ್ದು ನಾನಮ್ಮ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವನ ಬಾಯಿಂದ ಬಂದದ್ದು ಬೇರೆಯೇ ಮಾತು. "ಅವತ್ತು ಅವಳನ್ನ ಕಳಿಸಬೇಕಿತ್ತು ನಾನು. ಚಿಕ್ಕ ಆಪರೇಷನ್ನು. ಹೆದರ್ಕೊಂಡು ಕೈ ಹಿಡ್ಕೊಂಡ್ಬಿಟ್ಟೆ."

ಕೆಳಗೆ ಗಾಡಿ ಹಾರ್ನ್ ಹಾಕಿತು.

ಮೇಜನ್ನು ಗೋಡೆಗೆ ಒರಗಿಸಿ ಅವಳನ್ನು ಹೊರಗೆ ತಂದರು. ಕಿರಿದಾದ ಮೆಟ್ಟಿಲಲ್ಲಿ ಓರೆ ಮಾಡುತ್ತ, ನಿಲ್ಲಿಸುತ್ತ ಇಳಿಸಿದರು. ಸಾಹೇಬರೂ ಚಟ್ಟದ ಒಂದು ಮೂಲೆ ಹಿಡಿದರು. ಅವನು ಸ್ವಲ್ಪ ಸರಿದು ಜಾಗ ಬಿಟ್ಟ.

ಗಾಡಿಯಲ್ಲಿ ಅವನು ಮುಂದೆ, ಡ್ರೈವರನ ಪಕ್ಕದಲ್ಲಿ ಕೂತ. ಇಳಿಜಾರಿನಲ್ಲಿ ಗಾಡಿ ವೇಗ ಹಿಡಿಯಿತು. "ನಿಧಾನಕ್ಕೆ ಹೋಗಪ್ಪ," ಎಂದ. ಡ್ರೈವರಿಗೆ ಕೇಳಿಸಲಿಲ್ಲ. ಬಸ್ಸು ಓಡಿಸಿ ರೂಢಿಯಾಗಿದ್ದ ಅವನ ಬಲಗಾಲು ತಾನಾಗಿಯೇ ಮುಂದೆ ಸರಿದು, ಬ್ರೇಕು ಇಲ್ಲದ ಬರೀ ತಗಡನ್ನು ಒತ್ತಿ ಹಿಡಿಯಿತು. ಇಳಿಜಾರು ಮುಗಿದ ಮೇಲೂ ಅದು ಒತ್ತಿಯೇ ಇತ್ತು.