ಭೋಜಪ್ಪನ ಹಾಜರಿ

"ಎದ್ದು ನಿಂತು ಹೇಳಲೇ ಲಮಾಣ್ಯಾ. ಕುಂಡಿ ಊರಿ ಹಾಜರಿ ಹೇಳಾಕ ಇದೇನ ನಿಮ್ಮಪ್ಪ ಕಟ್ಟಿಸಿದ ಚಾವಡಿ ಏನ?"

ಪೊಲೀಸ್ ಪಾಟೀಲ ಚನಬಸಪ್ಪಗೌಡ ಚಾವಡಿ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಕೆಳಗೆ ಅಂಗಳದಲ್ಲಿ ತಾಂಡಾದ ಗಂಡಸರು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಗೆ ಮುದುಕ ಭೋಜಪ್ಪ ಮಣ್ಣಿನಲ್ಲಿ ಕುಕ್ಕರಿಸಿದ್ದ. ಚಳಿಜ್ವರಕ್ಕೆ ಅವನ ದವಡೆ ಕಟಕಟ ಅನ್ನುತ್ತಿತ್ತು. ಸೊಸೆ ಧರ್ಮಿಬಾಯಿ ರಟ್ಟೆಗೆ ಕೈಕೊಟ್ಟು ಎತ್ತಿದಳು. ಮುದುಕನ ಮೊಳಕಾಲು ಮಡಚಿಕೊಂಡವು. ಎರಡನೇ ಸಲ ಅವನ ಇಡೀ ಮೈಯನ್ನು ತನ್ನ ಎದೆಗೆ ಆನಿಸಿಕೊಂಡು ನಿಲ್ಲಿಸಿದಳು.

"ಹಾಜರ್ರೀ," ಅಂದ ಭೋಜಪ್ಪ.

"ಕೇಳಲಿಲ್ಲ."

"ಹಾಜರ್ರೀ, ಗೌಡ್ರ."

"ಕದಿಯಾಕ ಹೋಗುಮುಂದ ಕಾಲಾಗ ಕಸುವು ಇರತೈತಿ ಬೋಳಿಮಗನ್ವು," ಎಂದು ಗೌಡ ಎಲೆಯಡಿಕೆ ಉಗುಳಿದ. ಉಗುಳು ಮುದುಕನ ಕಾಲ ಹತ್ತಿರ ಬಂದು ಬಿತ್ತು.

ಭೋಜಪ್ಪ ಜನ್ಮದಲ್ಲಿ ಏನನ್ನೂ ಕದ್ದವನಲ್ಲ. ಎಂದೋ ಯಾವುದೋ ಘಟ್ಟದ ದಾರಿಯಲ್ಲಿ ಯಾರದೋ ಗಾಡಿ ಲೂಟಿಯಾಗಿತ್ತಂತೆ. ಅಂದಿನಿಂದ ಆ ತಾಂಡಾದ ಗಂಡಸರನ್ನೆಲ್ಲ ಸರಕಾರ ಕಳ್ಳರ ಪಟ್ಟಿಗೆ ಸೇರಿಸಿತ್ತು. ಹುಟ್ಟಿದ ಗಂಡುಕೂಸು ಮೀಸೆ ಬರುವ ಹೊತ್ತಿಗೆ ತಾನೂ ಕಳ್ಳನಾಗುತ್ತಿತ್ತು. ಹೊತ್ತು ಮೂಡಿದಾಗ ಒಮ್ಮೆ, ಮುಳುಗುವಾಗ ಒಮ್ಮೆ ಚಾವಡಿಗೆ ಬಂದು ಹಾಜರಿ ಹೇಳಬೇಕು. ಗೌಡ ಬರೆದುಕೊಟ್ಟ ಪಾಸಿಲ್ಲದೆ ಹಳ್ಳ ದಾಟಬಾರದು. ತಪ್ಪಿದರೆ ಮೊದಲ ಸಲಕ್ಕೆ ಒಂದು ವರ್ಷ ಜೈಲು, ಎರಡನೇ ಸಲಕ್ಕೆ ಎರಡು ವರ್ಷ, ಮೂರನೇ ಸಲಕ್ಕೆ ಮೂರು. ಯಾಕೆ ದಾಟಿದೆ ಎಂದು ಕೇಳುವ ಪದ್ಧತಿ ಇರಲಿಲ್ಲ.

ಧರ್ಮಿಬಾಯಿಯ ಗಂಡ ಸೋಮಲಪ್ಪ ಆ ಮೊದಲ ಸಲದ ಒಂದು ವರ್ಷ ಅನುಭವಿಸುತ್ತಿದ್ದ. ಅವನು ಹಳ್ಳ ದಾಟಿದ್ದು ಗುಳಿಗೆಗೆ. ಯುದ್ಧದ ಕಾಲ. ಕ್ವಿನೈನ್ ಬಂಗಾರವಾಗಿತ್ತು. ಅಪ್ಪನಿಗೆ ಜ್ವರ ಏರಿದಾಗ, ಹಳಿಯಾಳದಲ್ಲಿ ಸಿಗಬಹುದು ಎಂದು ಯಾರೋ ಅಂದರು. ಸೋಮಲಪ್ಪ ಪಾಸು ಕೇಳಲು ಗೌಡನ ಹತ್ತಿರ ಹೋದ. ಅದೇ ವಾರ ಅವನು ಗೌಡನಿಗೆ ಬೀಗನಾಗಬೇಕಿದ್ದ ಕಂತ್ರಾಟದಾರನ ಸಾಗವಾನಿ ತೊಲೆ ಎಳೆಯುವ ಬಿಟ್ಟಿಗೆ ಒಂದು ದಿನ ತಪ್ಪಿಸಿದ್ದ. ಗೌಡ ನಗುನಗುತ್ತಲೇ ಅಂದಿದ್ದ: "ಪಾಸ್ ಬರಿಯಾಕ ಈಗ ಪುರಸೊತ್ತಿಲ್ಲ. ಹೋಗಿ ಬಾ ಹೋಗು, ನಾ ಹೇಳೇನಲ್ಲ." ಅವನು ಪೇಟೆಯ ಅಂಗಡಿ ಮೆಟ್ಟಿಲಿಳಿಯುವ ಹೊತ್ತಿಗೆ ಪೊಲೀಸರು ಕಾದು ನಿಂತಿದ್ದರು.

ಕೋರ್ಟಿಗೆ ಧರ್ಮಿಬಾಯಿಯೂ ಹೋಗಿದ್ದಳು. ಹೆಂಗಸರಿಗೆ ಹಾಜರಿ ಇರಲಿಲ್ಲವಾಗಿ ಅವಳು ಹಳ್ಳ ದಾಟಬಹುದಿತ್ತು. ಸೋಮಲಪ್ಪನಿಗಿಂತ ಮುಂಚೆ ಅದೇ ಕಂತ್ರಾಟದಾರನ ಕೇಸು ಬಂತು. ಸರಕಾರ ಕಾಯ್ದಿಟ್ಟ ರಾಖೀವ ಅಡವಿಯೊಳಗಿಂದ ಗಾಡಿಗಟ್ಟಲೆ ಸಾಗವಾನಿ ಕಡಿಸಿ ದಾಂಡೇಲಿ ಕಡೆ ಸಾಗಿಸಿದ್ದು ಸಿಕ್ಕಿಬಿದ್ದಿತ್ತು. ಅವನಿಗೆ ಕುರ್ಚಿ ಹಾಕಿದ್ದರು. ಕರಿ ಕೋಟಿನ ವಕೀಲ ಎದ್ದು, ಯುದ್ಧಕ್ಕೆ ರೈಲಿನ ಹಲಗೆ ಬೇಕಾಗಿವೆ, ನಮ್ಮ ಕಕ್ಷಿದಾರರು ಸರಕಾರದ ಕೆಲಸವನ್ನೇ ಮಾಡುತ್ತಿದ್ದಾರೆ, ಗಡಿಕಲ್ಲು ತಪ್ಪಿ ತಿಳಿಯದೆ ಆಯಿತು ಅಂದ. ಸಾಹೇಬರು ದಂಡ ಹಾಕಿದರು. ಅವನ ಗುಮಾಸ್ತ ನಿಂತ ನಿಲುವಿನಲ್ಲೇ ತುಂಬಿದ. ಕಂತ್ರಾಟದಾರ ಹೊರಗೆ ಹೋಗುವಾಗ ಚಪರಾಸಿ ಅವನಿಗೆ ಬಾಗಿಲು ಹಿಡಿದ.

ಸೋಮಲಪ್ಪನಿಗೆ ಕುರ್ಚಿಯೂ ಇರಲಿಲ್ಲ, ವಕೀಲನೂ ಇರಲಿಲ್ಲ.

"ಪಾಸ್ ಎಲ್ಲಿ?"

"ಗೌಡ್ರು ಬಾಯಿಲೆ ಹೋಗಂದ್ರಿ."

ಗೌಡನನ್ನು ಕರೆದರು. "ನಾ ಅಂದಿಲ್ರಿ ಸಾಹೇಬ್ರ. ಇವರ ಜಾತಿ ನಾಲಿಗಿನ ಹಂಗ," ಅಂದ ಗೌಡ. ಒಂದು ವರ್ಷ ಸಕ್ತ ಮಜೂರಿಯ ಜೈಲು. ಸೋಮಲಪ್ಪನ ಕೈಗೆ ಕೋಳ ಬೀಳುವಾಗ ಧರ್ಮಿಬಾಯಿಯ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಕಾಗದದ ಪೊಟ್ಟಣವೊಂದಿತ್ತು. ಅವನು ಹಳಿಯಾಳಕ್ಕೆ ಹೋಗಿದ್ದಕ್ಕೆ ಅದೇ ಸಾಕ್ಷಿ.

"ಯಪ್ಪಾ, ಆ ಗುಳಿಗಿ ಕೊಡ್ರಿ. ಮುದುಕ ಸಾಯಾಕ ಹತ್ಯಾನ."

ಚಪರಾಸಿ ನಕ್ಕ. "ಅದು ಮುದ್ದೆಮಾಲು ಐತಿ. ಸರಕಾರದ್ದಾತದು. ನಡಿ ಹೊರಗ."

ಪೇಟೆಯ ಅಂಗಡಿಯಲ್ಲೂ ಕೇಳಿದಳು, ಗುಳಿಗೆ ತೀರಿತ್ತು. ಅಂದಿನಿಂದ ಮಾವನನ್ನು ದಿನಕ್ಕೆರಡು ಸಲ ಚಾವಡಿಗೆ ಕರೆತರುವುದು ಧರ್ಮಿಬಾಯಿಯ ಪಾಲಿಗೆ ಬಂತು. ಮದುವೆಯಾಗಿ ಬಂದಾಗಿನಿಂದ ಅವಳು ಮಾವನೆದುರು ಮುಖದ ಮೇಲಿನ ಮುಸುಕು ತೆಗೆದವಳಲ್ಲ. ಅವನಿದ್ದ ಕಡೆ ಗಟ್ಟಿಯಾಗಿ ಮಾತಾಡಿದವಳೂ ಅಲ್ಲ. ಈಗ ಅವನನ್ನು ಕಂಕುಳಲ್ಲಿ ಹಿಡಿದು, ಅರ್ಧ ಎತ್ತಿ ಅರ್ಧ ಎಳೆದು, ಊರಿನವರು ನೋಡುನೋಡುತ್ತಿರುವಾಗ ನಡೆಸಿಕೊಂಡು ಬರುತ್ತಿದ್ದಳು. ಮುದುಕ ದಾರಿಯುದ್ದಕ್ಕೂ ಅತ್ತ ತಿರುಗಿಕೊಂಡಿರುತ್ತಿದ್ದ. ಜ್ವರಕ್ಕಿಂತ ಆ ನಾಚಿಕೆಯೇ ಅವನನ್ನು ಹೆಚ್ಚು ತಿಂದಿತು.

ಒಮ್ಮೆ ಗೌಡನ ದನದ ಕೊಟ್ಟಿಗೆ ಬಳಿಯುವಾಗ ಧರ್ಮಿಬಾಯಿ ಸೆಗಣಿ ಕೈಯಲ್ಲೇ ಅವನೆದುರು ನಿಂತಳು.

"ಗೌಡ್ರ, ಮುದುಕಗ ಏಳಾಕ ಆಗವಲ್ತು. ಮನ್ಯಾಗ ಬಂದು ನೋಡಿ ಹಾಜರಿ ಹಾಕ್ಕೋರಿ."

"ನಾ ನಿನ್ನ ಗುಡಿಸಲಕ್ಕ ಬರಬೇಕು?"

"ಶೇಖಪ್ಪನ್ನರ ಕಳಿಸ್ರಿ." ಶೇಖಪ್ಪ ಗೌಡನ ಜೀತದಾಳು. ಬಾಗಿಲಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಹೆಸರು ಕೇಳಿ ತಲೆ ಇನ್ನೂ ತಗ್ಗಿಸಿದ.

"ಜಡ್ಡು ಐತಿ ಅಂತ ದಾಕ್ತರನ ಚೀಟಿ ತಾ. ಮಾಫಿ ಮಾಡ್ತೀನಿ."

"ದಾಕ್ತರ ಹಳಿಯಾಳದಾಗ ಅದಾನ್ರಿ."

"ಕರಕೊಂಡ ಹೋಗು."

"ಹಂಗಾರ ಪಾಸ್ ಕೊಡ್ರಿ."

"ಪಾಸ್ ಬೇಕಾದಂವ ಚಾವಡಿಗೆ ಬಂದು ತನ್ನ ಕಾಲಮ್ಯಾಲ ನಿಂತು ಕೇಳಬೇಕು. ಅದು ಕಾಯ್ದೆ. ಹೋಗು, ಆ ಮೂಲ್ಯಾಗ ಗಂಜಲ ಹಂಗ ಐತಿ ನೋಡು."

ಅವಳು ಹೋಗಿ ಆ ಮೂಲೆಯನ್ನೂ ಬಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸೋಮಲಪ್ಪ ಬಿಡುಗಡೆಯಾಗಿ ಬಂದ. ಹೋಳಿಯಲ್ಲಿ ತಾಂಡಾದ ಮುಂದೆ ನಿಂತು ಹಾಡುತ್ತಿದ್ದ ಗಂಡಸು, ಗುಡಿಸಲಿನ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂಬಂತೆ ಹೆಂಡತಿಯ ಮುಖ ನೋಡಿದ. ಜೈಲಿನ ಗಾಣ ತಿರುಗಿಸಿ ಅವನ ಹೆಗಲ ಮೇಲೆ ಎತ್ತಿನ ಹೆಗಲಿನ ಹಾಗೆ ದಡ್ಡು ಬಂದಿತ್ತು. ರೊಟ್ಟಿ ಹಾಕಿದರೆ ಕೈ ಕಟ್ಟಿ ಕೂತ. "ಉಣ್ಣು," ಎಂದು ಧರ್ಮಿಬಾಯಿ ಅಂದ ಮೇಲೆಯೇ ತುತ್ತು ಮುರಿದ. ಆಮೇಲೆ ಎದ್ದು ನಿಂತು, "ಹೊರಗ ಹೋಗಿ ಬರ್ಲೇನ?" ಎಂದು ಕೇಳಿದ. ಅವಳಿಗೆ ಮೊದಲು ತಿಳಿಯಲಿಲ್ಲ. ಜೈಲಿನ ರೂಢಿಯಲ್ಲಿ ಅಪ್ಪಣೆ ಕೇಳುತ್ತಿದ್ದಾನೆಂದು ತಿಳಿದಾಗ ಮುಸುಕನ್ನು ಇನ್ನೂ ಕೆಳಗೆ ಎಳೆದುಕೊಂಡಳು.

"ಅಲ್ಲಿ ಜೋಡೀಲೆ ಯಾರಿದ್ರು?"

"ಎಲ್ಲಾರೂ ಇದ್ರು. ಕೊಂದವರು ಇದ್ರು, ಮನಿ ಒಡದವರು ಇದ್ರು. ನಿಂದೇನ ಕೇಸು ಅಂದ್ರು. ಅಪ್ಪಗ ಗುಳಿಗಿ ತರಾಕ ಹೋಗಿದ್ದೆ ಅಂದೆ. ಬಿದ್ದು ಬಿದ್ದು ನಕ್ಕರು." ಹೆಗಲ ದಡ್ಡು ಸವರಿಕೊಂಡು ಹೇಳಿದ: "ಆಮ್ಯಾಲ ಕನ್ನ ಕೊರಿಯೂದು ಹೇಳಿಕೊಟ್ರು. ಹೊರಗ ಹೋದ್ರೂ ನೀ ಕಳ್ಳನ ಅದಿ, ಕಲತರ ಹೊಟ್ಟಿ ಪಾಡರ ಸಾಗತೈತಿ ಅಂದ್ರು."

"ಕಲತ್ಯಾ?"

ಅವನು ಅಪ್ಪನ ಹೊರಸಿನ ಕಡೆ ತಿರುಗಿದ.

ಹೊರಸಿನ ಮೇಲೆ ಭೋಜಪ್ಪ ಕಣ್ಣು ಬಿಟ್ಟು ಮಗನನ್ನು ನೋಡಿದ. ಮೈಯಲ್ಲಿ ಮೂಳೆ ಮತ್ತು ಜ್ವರ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. "ಬಂದ್ಯಾ," ಅಂದ. ಬಾಗಿಲ ಕಡೆ ನೋಡಿ, "ಹೊತ್ತು ಮುಣಗಾಕ ಬಂತು. ಹಾಜರಿಗೆ ನಡೀರಿ," ಅಂದ.

ಮರುದಿನ ಬೆಳಿಗ್ಗೆ ಮುದುಕನಿಗೆ ಕೂರಲಿಕ್ಕೂ ಆಗಲಿಲ್ಲ. ಮಗ, ತಾಂಡಾದ ನಾಯಕ ಗೇಮಪ್ಪ, ಇನ್ನಿಬ್ಬರು ಸೇರಿ ಹೊರಸನ್ನೇ ಹೊತ್ತರು. ಧರ್ಮಿಬಾಯಿ ಪಕ್ಕದಲ್ಲಿ ನಡೆಯುತ್ತ ಅವನ ತುಟಿಗೆ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಕಂತ್ರಾಟದಾರನ ತೊಲೆಗಳನ್ನು ಒಟ್ಟಿದ್ದ ಬಯಲಿಗೆ ಬಂದಾಗ, ಹಿಂಡಿದ ನೀರು ಒಳಗೆ ಇಳಿಯದೆ ಕಟವಾಯಿಯಿಂದ ಹೊರಗೆ ಬಂತು. ಅವಳು ಮೂಗಿನ ಹತ್ತಿರ ಕೈ ಹಿಡಿದಳು.

"ಇಳಿಸ್ರಿ," ಅಂದಳು.

ಹೊರಸು ನೆಲಕ್ಕೆ ಬಂತು. ಸೋಮಲಪ್ಪ ಅಪ್ಪನ ಕಾಲು ಹಿಡಿದು ಕೂತ. ಅಳಲಿಲ್ಲ. ಅವನ ಕಣ್ಣು ಮರದ ತುದಿಗೆ ಬಂದ ಬಿಸಿಲನ್ನು ನೋಡುತ್ತಿತ್ತು.

"ಹಾಜರಿ ತಪ್ಪತೈತಿ," ಅಂದ. "ಅಪ್ಪನ್ನ ಮನಿಗೆ ಒಯ್ದು ಮಲಗಸ್ರಿ. ನಾವು ಓಡಿ ಹೋಗಿ ಹೇಳಿ ಬರ್ತೇವಿ. ನನಗ ಈ ಸಲ ಎರಡ ವರ್ಷ ಅದಾವ."

"ಸುಡುಗಾಡು ಎಲ್ಲೈತಿ?" ಎಂದು ಧರ್ಮಿಬಾಯಿ ಕೇಳಿದಳು.

"ಹಳ್ಳದಾಚಿ ಐತಿ. ಗೊತ್ತಿಲ್ಲೇನ ನಿನಗ?"

"ಹೊರಾವ್ರು ಯಾರು? ನೀವು. ಪಾಸಿಲ್ಲದ ದಾಟತೀರಿ. ಗೌಡ ಬಾಯಿಲೆ ಹೋಗ್ರಿ ಅಂತಾನ. ಹೋಗತೀರಿ. ಆಮ್ಯಾಲ?"

ಗಂಡಸರು ಹಳ್ಳದ ಕಡೆ ನೋಡಿದರು. ಅವಳು ಮಾವನ ಕಣ್ಣು ಮುಚ್ಚಿಸಿದಳು, ಕಂಬಳಿಯನ್ನು ಎದೆಯ ತನಕ ಎಳೆದಳು. ಮುಖ ಮಾತ್ರ ಮುಚ್ಚಲಿಲ್ಲ.

"ಹೊರ್ರಿ. ಚಾವಡಿಗೆ ನಡೀರಿ."

"ಹುಚ್ಚು ಹಿಡೀತೇನ ನಿನಗ?" ಎಂದ ಸೋಮಲಪ್ಪ.

"ಹಿಡೀಲಿ. ನಡಿ ಮುಂದ."

ಗೇಮಪ್ಪ ನಾಯಕನೇ ಮೊದಲು ಬಗ್ಗಿ ಹೊರಸಿನ ಕಾಲು ಹಿಡಿದ. ತಾಂಡಾದ ಹೆಂಗಸರಿಗೆ ಸುದ್ದಿ ಹೋಯಿತು. ಅವರೂ ಹಿಂದಿನಿಂದ ಬಂದರು.

ಅಂಗಳದ ಸಾಲಿನ ಕೊನೆಗೆ ಹೊರಸು ಇಳಿಸಿದರು. ಗೌಡ ಒಂದೊಂದೇ ಹೆಸರು ಕೂಗಿದ. ಸೋಮಲಪ್ಪ ತನ್ನ ಹೆಸರಿಗೆ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತು ಹೇಳಿದ. ಕೊನೆಗೆ ಭೋಜಪ್ಪನ ಹೆಸರು ಬಂತು.

"ಹಾಜರ್ರೀ," ಅಂದಳು ಧರ್ಮಿಬಾಯಿ.

"ನೀ ಯಾಕ ಒದರತಿ? ಎಬಸ ಅವನ್ನ."

"ನಾ ವರ್ಷಾತು ಎಬ್ಬಿಸಿ ನಿಂದರಿಸೀನ್ರಿ. ಇವತ್ತ ನೀವ ಎಬ್ಬಸ್ರಿ."

ಗೌಡ ಎರಡು ಮೆಟ್ಟಿಲು ಇಳಿದು ಬಂದು ನೋಡಿದ. ನೋಡಿದವನೇ ಹಿಂದಕ್ಕೆ ಸರಿದ. "ಹೆಣಾ! ಹೆಣಾ ತಂದು ಚಾವಡಿ ಮುಂದ ಇಟ್ಟೀರೇನ ಸೂಳಿಮಕ್ಕಳ್ರ? ಒಯ್ರಿ ಮದಲ. ಸುಡ್ರಿ ಒಯ್ದು."

"ಪಾಸ್ ಬರದು ಕೊಡ್ರಿ. ಹೊರಾವ್ರಿಗೆ, ಕಟಗಿ ತರಾವ್ರಿಗೆ, ಎಲ್ಲಾ ಗಂಡಸರಿಗೂ."

"ನಾ ಹೇಳಾಕತ್ತೇನಲ್ಲ, ಹೋಗ್ರಿ."

"ಬಾಯಿಲೆ ಬ್ಯಾಡ್ರಿ."

ಗೌಡನ ಮುಖ ಕೆಂಪಾಯಿತು. ಇಡೀ ತಾಂಡಾಕ್ಕೆ ಒಟ್ಟಿಗೆ ಪಾಸು ಬರೆಯುವ ಅಧಿಕಾರ ಅವನಿಗಿರಲಿಲ್ಲ. ಅದಕ್ಕೆ ಫೌಜದಾರರ ಹುಕುಂ ಬೇಕು. ತಪ್ಪಿ ಬರೆದರೆ ಪಾಟೀಲಕಿಯೇ ಹೋಗುತ್ತದೆ. ಹಾಗೆಂದು ಹೇಳಿಯೂ ಬಿಟ್ಟ. ಹೇಳುವಾಗ ಅವನ ದನಿ ಸ್ವಲ್ಪ ಇಳಿದಿತ್ತು. "ಹಳಿಯಾಳಕ್ಕ ಆಳು ಕಳಿಸಬೇಕಾಗತೈತಿ. ಸಂಜಿ ಆಗತೈತಿ. ಅಲ್ಲಿ ಮಟಾ ಇದನ್ನ ಹೊರಗ ಒಯ್ರಿ."

"ಕಳಸ್ರಿ. ನಾವಿಲ್ಲೇ ಇರ್ತೇವಿ. ಎಲ್ಲೂ ಹೋಗಂಗಿಲ್ಲ. ಕಾಯ್ದೆ ಐತಿ."

ಅವಳು ಹೊರಸಿನ ಪಕ್ಕದಲ್ಲಿ ಕೂತಳು. ಹೆಂಗಸರು ಬಂದು ಸುತ್ತ ಕೂತರು. ಗೇಮಪ್ಪ ಕೂತ, ಉಳಿದ ಗಂಡಸರೂ ಕೂತರು. ಸೋಮಲಪ್ಪ ಒಬ್ಬನೇ ಗೌಡನ ಮುಂದೆ ಕೈಕಟ್ಟಿ ನಿಂತೇ ಇದ್ದ. ಗೌಡ ಅವನ ಕಡೆ ತಿರುಗಿದ. "ನೀ ಶಾಣ್ಯಾ ಅದಿ. ಜೈಲು ಕಂಡು ಬಂದಂವ. ಹೇಳು ನಿನ್ನ ಹೇಣ್ತಿಗೆ."

ಸೋಮಲಪ್ಪ ಹೆಂಡತಿಯ ಕಡೆ ನೋಡಿದ. ಧರ್ಮಿಬಾಯಿ ಅವನನ್ನು ಕರೆಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಅವನು ಬಹಳ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಹೋಗಿ ಅಪ್ಪನ ತಲೆಯ ಹತ್ತಿರ ನೆಲಕ್ಕೆ ಕುಸಿದು ಕೂತ.

ಹಳಿಯಾಳಕ್ಕೆ ಹೋದ ಆಳು ಮಧ್ಯಾಹ್ನವಾದರೂ ಬರಲಿಲ್ಲ. ಬಿಸಿಲೇರಿತು. ನೊಣ ಮುತ್ತಿದವು. ಗೌಡನ ಮನೆಯ ಕಿಡಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಒಳಗೆ ಯಾರೋ ಲೋಬಾನ ಹಾಕಿದರು. ಕೊನೆಗೆ ಗೌಡ ಶೇಖಪ್ಪನನ್ನು ಕರೆದ. "ಹಗ್ಗಾ ತಗೊಂಡ ಹೋಗು. ಎಳದು ಆಚಿ ಕಡೆ ಒಗದ ಬಾ."

ಶೇಖಪ್ಪ ಹಗ್ಗ ಹಿಡಿದು ಹೊರಸಿನ ಹತ್ತಿರ ಬಂದ. ಜನ ಅವನಿಗೆ ದಾರಿ ಬಿಡಲಿಲ್ಲ, ಬೈಯಲೂ ಇಲ್ಲ. ಅವನು ಮುದುಕನ ಮುಖ ನೋಡಿದ. ಒಂದು ವರ್ಷ ದಿನಾ ಕಂಡ ಮುಖ. ಹಗ್ಗವನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ನನ್ನಿಂದ ಆಗಂಗಿಲ್ರಿ, ಗೌಡ್ರ."

"ಏನಂದಿ ಭಾಡ್ಯಾ?"

ಶೇಖಪ್ಪ ಹಗ್ಗ ಎತ್ತಿಕೊಳ್ಳಲಿಲ್ಲ. ಕೊಟ್ಟಿಗೆಯ ಕಡೆಗೂ ಹೋಗಲಿಲ್ಲ. ದೂರದಲ್ಲಿ, ಗೋಡೆಯ ನೆರಳಿಗೆ ಹೋಗಿ ನಿಂತ.

ಹೊತ್ತು ಮುಳುಗತೊಡಗಿತು. ಹಳಿಯಾಳದ ದಾರಿಯ ತಿರುವಿನಲ್ಲಿ ಧೂಳು ಎದ್ದಿತ್ತು. ಹುಕುಂ ಬರುತ್ತಿತ್ತೋ, ಪೊಲೀಸರ ಲಾರಿಯೋ ಗೊತ್ತಾಗಲಿಲ್ಲ. ಸಂಜೆಯ ಹಾಜರಿಯ ಹೊತ್ತು. ಕರೆಯದಿದ್ದರೆ ತಪ್ಪು ಗೌಡನ ಮೇಲೆ ಬರುತ್ತದೆ. ಅವನು ಧೋತರದ ತುದಿಯನ್ನು ಮೂಗಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಬಂದು ನಿಂತು, ಗೇಮಪ್ಪನ ಹೆಸರು ಕೂಗಿದ.

ಆಗ ಧರ್ಮಿಬಾಯಿ ಮುಖದ ಮೇಲಿನ ಮುಸುಕನ್ನು ಪೂರಾ ಹಿಂದಕ್ಕೆ ಸರಿಸಿದಳು. ಮಾವನ ಎದೆಯ ಮೇಲೆ ಕೈಯಿಟ್ಟು, ಬೆಳಗಿನಿಂದ ಹಿಡಿದಿಟ್ಟಿದ್ದ ಅಳುವನ್ನು ರಾಗವಾಗಿ ತೆಗೆದಳು. ಕಳ್ಳರ ಪಟ್ಟಿ ಬರುವ ಮುಂಚೆ ಅವನು ಉಪ್ಪು ಹೇರಿದ ಎತ್ತು ಹೊಡೆದುಕೊಂಡು ಗೋವೆಯ ದಾರಿ ನಡೆದದ್ದನ್ನು, ತನ್ನನ್ನು ಸೊಸೆ ಮಾಡಿಕೊಂಡು ಬಂದದ್ದನ್ನು ಹೆಸರಿಟ್ಟು ಹಾಡಿ ಅತ್ತಳು. ಎಲ್ಲ ಹೆಂಗಸರೂ ಒಬ್ಬರ ಹೆಗಲಿಗೆ ಒಬ್ಬರು ಕೈಹಾಕಿ ದನಿಗೂಡಿಸಿದರು. ಸೋಮಲಪ್ಪನೂ ಬಾಯಿಬಿಟ್ಟು ಅತ್ತ.

ಕಟ್ಟೆಯ ಮೇಲೆ ಚನಬಸಪ್ಪಗೌಡ ಹೆಸರು ಕೂಗುತ್ತಲೇ ಇದ್ದ. ಅವನ ಬಾಯಿ ತೆರೆಯುವುದು, ಮುಚ್ಚುವುದು ಕಾಣುತ್ತಿತ್ತು. ಅಂಗಳದಲ್ಲಿ ಯಾರೂ ಅತ್ತ ತಿರುಗಲಿಲ್ಲ.