ಎಂಟು ರೊಟ್ಟಿಯ ಬುತ್ತಿ

ಡಾಕ್ಟರು ಕೇಳಿದ್ದು ಶ್ರೀಶೈಲನನ್ನು. ಉತ್ತರ ಕೊಟ್ಟವಳು ಅವನ ಹೆಂಡತಿ ಅನ್ನಪೂರ್ಣಾ.

"ಮಧ್ಯಾಹ್ನ ಎಷ್ಟು ರೊಟ್ಟಿ ತಿಂತೀರಿ?"

"ಎಂಟು ತಿಂತಾರ್ರಿ," ಎಂದಳು, ಗಂಡ ಬಾಯಿ ತೆರೆಯುವ ಮೊದಲೇ. "ಬುತ್ತಿ ಕಟ್ಟಾಕಿ ನಾನ ಅದೇನಲ್ರಿ, ನನಗ ಗೊತ್ತಿಲ್ಲೇನು? ಒಂದು ಚೂರೂ ಉಳಿಸ್ಕೊಂಡು ಬರೂದಿಲ್ಲ."

ಡಾಕ್ಟರು ಮೇಜಿನ ಮೇಲಿದ್ದ ರಕ್ತಪರೀಕ್ಷೆಯ ಕಾಗದವನ್ನೊಮ್ಮೆ, ಬೈಲಹೊಂಗಲ ಡಿಪೋದ ಈ ಬಸ್ ಡ್ರೈವರನ ಹೊಟ್ಟೆಯನ್ನೊಮ್ಮೆ ನೋಡಿದರು. "ಎಂಟು ರೊಟ್ಟಿ ಕರಗಬೇಕಂದ್ರ ಹೊಲದಾಗ ದುಡೀಬೇಕ್ರಿ. ನೀವು ಕುಂತ ಜಾಗಾ ಬಿಟ್ಟು ಏಳೂದಿಲ್ಲ. ಸಕ್ರಿ ಏರದ ಏನಾದೀತು? ಅರ್ಧಕ್ಕರ್ಧ ಇಳಸ್ರಿ. ಗುಳಿಗಿ ಬರದು ಕೊಡ್ತೇನಿ. ಆದ್ರ ಗುಳಿಗಿ ನುಂಗಿ ಹಸದ ಹೊಟ್ಟಿಲೆ ಮಾತ್ರ ಇರಬ್ಯಾಡ್ರಿ."

"ಅದು ಹಂಗಲ್ರಿ ಸರ್, ರೊಟ್ಟಿ ಅಂದ್ರ..." ಎಂದು ಶ್ರೀಶೈಲ ಶುರುಮಾಡಿದ. ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

"ಹಂಗೂ ಇಲ್ಲ ಹಿಂಗೂ ಇಲ್ಲ, ಸುಮ್ಮನ ಕುಂಡರ್ರಿ ನೀವು," ಎಂದಳು ಅನ್ನಪೂರ್ಣಾ.

ಆ ಅರ್ಧ ಮಾತನ್ನು ಅಲ್ಲಿಯೇ ಪೂರ್ತಿ ಆಡಗೊಟ್ಟಿದ್ದರೆ ಸಾಕಿತ್ತು. ಆಮೇಲೆ ಎಷ್ಟೋ ಸಲ ಅವಳು ಇದನ್ನು ನೆನೆದು ಹಣೆ ಗಟ್ಟಿಸಿಕೊಂಡಿದ್ದಾಳೆ. ಅಂದು ಮಾತ್ರ ಗಂಡನ ಬಾಯಿ ಮುಚ್ಚಿಸಿದ ಗೆಲುವಿನಲ್ಲೇ ಆಸ್ಪತ್ರೆಯ ಮೆಟ್ಟಿಲಿಳಿದಳು. "ಊಟ ಬಲ್ಲವನಿಗೆ ರೋಗವಿಲ್ಲ" ಅಂತ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಆ ಗಾದೆಗೆ "ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಇನ್ನೊಂದು ತುಂಡಿದೆ. ಅದು ಅವಳಿಗೆ ನೆನಪಾಗಲಿಲ್ಲ, ಗಂಡನೂ ನೆನಪಿಸಲು ಹೋಗಲಿಲ್ಲ.

ಅಲ್ಲಿಯವರೆಗೆ ಶ್ರೀಶೈಲನ ಬುತ್ತಿ ಎಂದರೆ ಬುತ್ತಿಯೇ. ಬಿಳಿ ಅರಿವೆಯಲ್ಲಿ ಮಡಿಸಿ ಕಟ್ಟಿದ ಎಂಟು ಜೋಳದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಪಲ್ಲೆ, ಅಂಗೈಯಗಲ ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಉಣ್ಣುತ್ತಾನೆ ಎಂಬುದಷ್ಟೇ ಅವಳಿಗೆ ಗೊತ್ತು. ಜೊತೆಗೆ ಕಂಡಕ್ಟರ್ ಬಾಳು ಇರುತ್ತಾನೆ. ಕಿತ್ತೂರ ಕಡೆಯ ದೇಗಾಂವದವನು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬೈಲಹೊಂಗಲದಲ್ಲಿ ಒಂದು ಖೋಲಿ ಹಿಡಿದಿದ್ದ. ವರ್ಷಕ್ಕೊಮ್ಮೆ ಪಂಚಮಿಗೆ "ವೈನಿಯವರಿಗೆ" ಅಂತ ಒಂದು ಕುಪ್ಪಸದ ಖಣ ಕಳಿಸುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡು ಅವಳು ಟ್ರಂಕಿನಲ್ಲಿ ಇಡುತ್ತಿದ್ದಳು. ಹಾಗೆ ಪ್ರತಿವರ್ಷವೂ ತವರಿನ ಅಣ್ಣನಂತೆ ಖಣ ಕಳಿಸಲು ತಾನು ಅವನಿಗೆ ಮಾಡಿದ್ದಾದರೂ ಏನು ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನವೇ ಅರಿವೆ ಹೋಗಿ ಖಾನೆಗಳಿದ್ದ ಸಣ್ಣ ಸ್ಟೀಲಿನ ಡಬ್ಬಿ ಬಂತು. ಡಾಕ್ಟರು ಹೇಳಿದ್ದು ಅರ್ಧ. ಇನ್ನೊಂದು ಕಳೆದರೆ ಇನ್ನಷ್ಟು ಲಗೂನೆ ಗುಣವಾದೀತೆಂದು ಇವಳು ಮೂರು ರೊಟ್ಟಿಗಿಳಿಸಿದಳು. ಉಳಿದ ಖಾನೆಗಳಲ್ಲಿ ಒಂದು ದಿನ ಮೊಳಕೆ ಬಂದ ಮಡಕಿಕಾಳು, ಒಂದು ದಿನ ಹೆಸರುಬೇಳೆ ಹಾಕಿದ ಮೆಂತ್ಯದ ಪಲ್ಲೆ, ಹಸಿ ಮೂಲಂಗಿ, ಸವತೆಕಾಯಿ, ಎಣ್ಣೆ ಸೋಕಿಸದ ಅಗಸೆ ಚಟ್ನಿ. ಮಗಳು ರೇಣು ಮೊಬೈಲಿನಲ್ಲಿ ತೋರಿಸಿದ ವಿಡಿಯೋದಾಕೆ ಬಾದಾಮಿ, ಸೇಬು ಅನ್ನುತ್ತಿದ್ದಳು. "ಆಕಿ ಗಂಡ ಏನು ಕಲೆಕ್ಟರ್ ಇರಬೇಕು," ಎಂದು ಅನ್ನಪೂರ್ಣಾ ಅದನ್ನು ಅಲ್ಲಿಗೇ ಬಿಟ್ಟಳು. ಶುಕ್ರವಾರದ ಸಂತೆಯಲ್ಲಿ ಸಿಗುವ ಸೊಪ್ಪು, ಮನೆಯಲ್ಲಿರುವ ಕಾಳು, ಇಷ್ಟರಲ್ಲೇ ದಿನಕ್ಕೊಂದು ಬಗೆ ಮಾಡಿದಳು. ಅದರಲ್ಲಿ ಅವಳ ಕೈ ನಿಜಕ್ಕೂ ಚಲೋ ಇತ್ತು, ಅದನ್ನು ಇಲ್ಲವೆನ್ನಲಾಗದು.

ಓಣಿಗೆಲ್ಲ ಸುದ್ದಿ ಹಬ್ಬಿತು. ಬಾಜೂ ಮನೆಯ ಭಾಗ್ಯಾ ಹೊಸ್ತಿಲಿಗೆ ಬಂದು ನಿಂತು, "ಅಕ್ಕಾ, ನಮ್ಮ ಹುಡುಗ ಸಾಲಿ ಬುತ್ತಿ ಕಟ್ಟಿದಂಗ ತಿರುಗಿ ತರ್ತಾನ. ಏನು ಕಟ್ಟಲಿ ಹೇಳು," ಎಂದಳು.

"ಇಡೀ ರೊಟ್ಟಿ ಕಟ್ಟಿದ್ರ ಯಾವ ಹುಡುಗ ಉಂಡಾನ? ಮುರದು ಮೊಸರಾಗ ಕಲಸು, ಮ್ಯಾಲೆ ಗಜ್ಜರಿ ಹೆರದು ಹಾಕು, ಒಂದು ವಗ್ಗರಣಿ ಕೊಡು. ಸಿಹಿ ಬೇಡತಾನೇನು? ಶೇಂಗಾ ಬೆಲ್ಲ ಕುಟ್ಟಿ ಉಂಡಿ ಕಟ್ಟು. ಅಂಗಡಿ ಪಾಕೀಟಿಗೆ ಹಾಕೂ ರೊಕ್ಕದಾಗ ವಾರದ ಉಂಡಿ ಆಕ್ಕಾವ."

ಭಾಗ್ಯಾಳ ಮಗನ ಡಬ್ಬಿ ಬರಿದಾಗಿ ಬಂತು. ಅಂದಿನಿಂದ ಅನ್ನಪೂರ್ಣಾಳಿಗೆ ಓಣಿಯಲ್ಲಿ "ಬುತ್ತಿ ಡಾಕ್ಟರ್" ಎಂದೇ ಹೆಸರಾಯಿತು. ನೆಲ ಕಾಣದಷ್ಟು ಹಿಗ್ಗಿದಳು. ಊರ ಮಕ್ಕಳ ಹೊಟ್ಟೆಯೆಲ್ಲ ಅವಳಿಗೆ ತಿಳಿಯಿತು, ಮನೆಯ ಗಂಡನ ಹೊಟ್ಟೆಯೊಂದು ತಿಳಿಯಲಿಲ್ಲ.

ತಿಳಿಯುವ ಸಂದರ್ಭ ಬಂದಿರಲಿಲ್ಲ ಎನ್ನುವಂತಿಲ್ಲ. ಶ್ರೀಶೈಲ ಸಂಜೆ ಬಂದವನೇ ಬೂಟು ಕಳಚದೆ ರೊಟ್ಟಿ ಬುಟ್ಟಿಗೆ ಕೈಹಾಕುತ್ತಿದ್ದ. ಕೈ ನಡುಗುತ್ತಿರುತ್ತಿತ್ತು, ಹಣೆಯಲ್ಲಿ ಬೆವರು. ಅವಳು ಬುಟ್ಟಿಯನ್ನು ಕಸಿದು ಮೇಲಿಡುವಳು. "ಮಧ್ಯಾಹ್ನ ಉಂಡು ಮತ್ತಿಷ್ಟು ಹಸಿವೇನ್ರಿ? ಇದು ಹೊಟ್ಟಿ ಹಸಿವಲ್ಲ, ನಾಲಿಗಿ ಚಪಲ." ಕೈ ಯಾಕೆ ನಡುಗುತ್ತದೆ ಎಂದರೆ, "ಸ್ಟೇರಿಂಗ್ ಜಗ್ಗಿ ಜಗ್ಗಿ," ಎನ್ನುತ್ತಿದ್ದ. ಅವಳು ನಂಬಿದಳು.

ಒಂದು ಮುಂಜಾನೆ ಬಾಯಿಬಿಟ್ಟು ಕೇಳಿದ. "ನಾಳಿಂದ ಎರಡು ರೊಟ್ಟಿ ಹೆಚ್ಚ ಇಡು."

"ಯಾಕ್ರಿ?"

"ಯಾಕಂದ್ರ... ಬೇಕು."

"ನನಗ ಕುಂಕುಮ ಬೇಕಾಗೇತಿ," ಎಂದು ಅವಳು ಕಣ್ಣಲ್ಲಿ ನೀರು ತಂದಳು.

ಹೆಂಡತಿ ಕುಂಕುಮದ ಮಾತು ತೆಗೆದ ಮೇಲೆ ಯಾವ ಗಂಡ ವಾದ ಮಾಡುತ್ತಾನೆ? ಶ್ರೀಶೈಲ ಡಬ್ಬಿ ಎತ್ತಿಕೊಂಡು ಡ್ಯೂಟಿಗೆ ಹೊರಟುಹೋದ.

ಆ ವಾರವೇ ಆದದ್ದಿದು. ರಾಮದುರ್ಗದಿಂದ ಮರಳುವ ಟ್ರಿಪ್ಪು. ಸವದತ್ತಿಯಲ್ಲಿ ದೇವಿ ಗುಡ್ಡದ ಭಕ್ತರು ಹತ್ತಿ ಗಾಡಿ ತುಂಬಿತ್ತು. ನವಿಲುತೀರ್ಥದ ಹತ್ತಿರ ಬರುವಷ್ಟರಲ್ಲಿ ಶ್ರೀಶೈಲನಿಗೆ ರಸ್ತೆ ಎರಡಾಗಿ ಕಾಣತೊಡಗಿತು. ಪುಣ್ಯಕ್ಕೆ ಕೈ ಮರೆಯಲಿಲ್ಲ. ಗಾಡಿಯನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿ ಬ್ರೇಕು ಎಳೆದು, ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಬಾಳು ಹಿಂದಿನಿಂದ ಓಡಿಬಂದ. ಗುಡ್ಡದಿಂದ ಬರುತ್ತಿದ್ದ ಮುದುಕಿಯೊಬ್ಬಳು ಪ್ರಸಾದದ ಬೆಲ್ಲ ಕೊಟ್ಟಳು. ಬಾಳು ಅದನ್ನು ಅವನ ಬಾಯಿಗಿಟ್ಟು, ಕಣ್ಣು ಬಿಡುವವರೆಗೂ ಅವನ ತಲೆಯನ್ನು ತನ್ನ ಎದೆಗಾನಿಸಿಕೊಂಡು ನಿಂತಿದ್ದ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, "ಸಕ್ರಿ ಪೂರಾ ಕೆಳಗ ಇಳದೇತಿ. ಮಧ್ಯಾಹ್ನ ಏನು ಉಂಡಿದ್ರು?" ಎಂದು ಕೇಳಿದರು.

"ಮೂರು ರೊಟ್ರಿ, ಕಾಳಿನ ಪಲ್ಲೆ," ಎಂದಳು ಅನ್ನಪೂರ್ಣಾ. ಈ ಸಲವೂ ಅವಳೇ.

ಮಂಚದ ಮೇಲೆ ಮಲಗಿದ್ದ ಶ್ರೀಶೈಲ ಗೋಡೆಯ ಕಡೆಗೆ ಮುಖ ತಿರುಗಿಸಿದ.

ಗಾಡಿ ನಡೆಸುತ್ತ ಎಚ್ಚರ ತಪ್ಪಿದವನಿಗೆ ಮತ್ತೆ ಗಾಡಿ ಕೊಡುವುದಿಲ್ಲ. ಅದು ಸರಿಯೇ, ಯಾರೂ ತಪ್ಪೆನ್ನಲಾರರು. ತಪಾಸಣೆ ಮುಗಿಸಿ ಅವನನ್ನು ಡಿಪೋದೊಳಗೆ ಟೈರಿನ ಕೆಲಸಕ್ಕೆ ಹಾಕಿದರು. ಪಗಾರಕ್ಕೇನೂ ಕಡಿಮೆಯಾಗಲಿಲ್ಲ. ಆದರೆ ಮುಂಜಾನೆ ಸೀಟೇರಿ ಕನ್ನಡಿ ಸರಿಪಡಿಸಿಕೊಳ್ಳುವಾಗ ಅವನ ಮುಖದಲ್ಲಿ ಇರುತ್ತಿದ್ದ ಕಳೆ ಹೋಯಿತು. ಮನೆಗೆ ಬಂದು ಸುಮ್ಮನೆ ಕೂರತೊಡಗಿದ. ಬೈದರೆ ಬೈಸಿಕೊಳ್ಳುವನು, ಬಡಿಸಿದಷ್ಟು ಉಣ್ಣುವನು. ಅನ್ನಪೂರ್ಣಾಳ ಸಂಕಟಕ್ಕೆ ಯಾರ ಮೇಲಾದರೂ ಸಿಟ್ಟು ಬೇಕಿತ್ತು.

ಸಿಕ್ಕವನು ಬಾಳು. ಒಂದು ರವಿವಾರ ಮುಂಜಾನೆ ಚೀಲದಲ್ಲಿ ಪೇರಲಹಣ್ಣು ಹಿಡಿದು ಮಾತಾಡಿಸಲು ಬಂದ. ಕಟ್ಟೆಯ ಮೇಲೆ ಕುಳಿತ, ಒಳಗೆ ಬರಲಿಲ್ಲ. ಒಳಗಿನ ಖೋಲಿಯಲ್ಲಿದ್ದ ಶ್ರೀಶೈಲ ಅಂಗಿ ತೊಟ್ಟು ಹೊರಗೆ ಬರುವುದರೊಳಗೆ ಅನ್ನಪೂರ್ಣಾ ಬಾಗಿಲಲ್ಲಿ ನಿಂತು ಬಾಯಿಬಿಟ್ಟಳು.

"ದಿನಾ ಬಾಜೂಕ ಕುಂತು ಉಣ್ಣಾವ್ರು ನೀವು ಅಣ್ಣಾರ. ನಮ್ಮವರು ಉಂಡಾರೋ ಇಲ್ಲೋ ಅಂತ ಒಂದ್ಸಲ ನೋಡಾಕ ಆಗಲಿಲ್ಲೇನ್ರಿ?"

ಬಾಳು ತಲೆಯೆತ್ತಿದ. "ನೋಡೇನ್ರೀ ವೈನಿ. ಅರ್ಧಾ ನನಗ ಕೊಟ್ಟು ಅರ್ಧಾ ಉಂಡ್ರು."

"ಏನಂದ್ರಿ?"

"ಮೊದಲಿಂದಲೂ ಹಂಗ ಐತಲ್ರಿ. ಮೊಸರು ನಂದು, ರೊಟ್ಟಿ ನಿಮ್ಮನಿದು. ನಾಕು ಅಣ್ಣಾರಿಗೆ, ನಾಕು ನನಗ." ಅವನು ಅವಳ ಮುಖವನ್ನೇ ನೋಡಿದ. "ನೀವ ನನ್ನ ಪಾಲಿಂದೂ ಕಟ್ಟಿ ಕೊಡ್ತೀರಿ ಅಂತಿದ್ರು ಅಣ್ಣಾರು. 'ನಮ್ಮಾಕಿ ಕಳಿಸ್ಯಾಳ, ಉಣ್ಣು' ಅಂತಿದ್ರು. ನಿಮಗ ಗೊತ್ತಿಲ್ಲೇನ್ರಿ?"

ಅನ್ನಪೂರ್ಣಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಷ್ಟು ವರ್ಷ ತನ್ನ ಹೆಸರಿನಲ್ಲಿ ಒಬ್ಬನ ಹೊಟ್ಟೆ ತುಂಬಿದೆ, ತನಗೇ ಸುದ್ದಿಯಿಲ್ಲ. ಎಂಟು ರೊಟ್ಟಿಯಲ್ಲಿ ನಾಲ್ಕೇ ಉಂಡವನಿಗೆ ಎಂಟು ಉಣ್ಣುವವನೆಂದು ಡಾಕ್ಟರಿಗೆ ಸಾಕ್ಷಿ ಹೇಳಿದವಳು ತಾನು. ಮೂರಕ್ಕಿಳಿಸಿದವಳೂ ತಾನು. ಆ ಮೂರರಲ್ಲೂ ಅರ್ಧ ಪಾಲಾಗಿ, ಉಳಿದ ಒಂದೂವರೆ ರೊಟ್ಟಿಯ ಮೇಲೆ ಅವನು ಬಸ್ಸಿನ ತುಂಬ ಮಂದಿಯನ್ನು ಹೊತ್ತುಕೊಂಡು ಬಂದಿದ್ದ.

"ರೊಟ್ಟಿ ಕಮ್ಮಿ ಆದ ಮ್ಯಾಲೂ ನೀವು ಯಾಕ ತಗೊಂಡ್ರಿ?" ಎಂದಳು. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

"ಬ್ಯಾಡ ಅಂದೇನ್ರಿ. ಮೂರು ದಿನ ಹೊಟ್ಟಿ ಸರಿ ಇಲ್ಲ ಅಂದ್ನಿ, ಒಂದಿನ ಹೋಟೆಲಿಗೆ ಹೋಗತೇನಿ ಅಂದ್ನಿ. ಅವರು ಕೇಳಲಿಲ್ಲ. 'ನೀ ಉಣ್ಣಲಿಲ್ಲಂದ್ರ ಆಕಿ ಮನಸಿಗೆ ಹಚಗೊಂತಾಳ' ಅಂತ ಮುರದು ಕೈಯಾಗ ಇಟ್ರು. ಗುಳಿಗಿ ವಿಚಾರ ನನಗ ಹೇಳಿರಲಿಲ್ರಿ. ಡ್ಯೂಟಿ ತಪ್ಪೀತು ಅಂತ ಯಾರಿಗೂ ಹೇಳಿರಲಿಲ್ಲ." ನೆಲ ನೋಡುತ್ತ ಹೇಳಿದ: "ಖರೇ ಹೇಳಲೇನ್ರಿ ವೈನಿ? ಡಬ್ಬಿ ಸಣ್ಣದಾದಾಗ ನನಗ ಬ್ಯಾರೇನ ಅನ್ನಿಸ್ತು. ನಮ್ಮ ಮನಿತನ ನಿಮಗ ಗೊತ್ತಾತೇನೋ ಅಂದ್ಕೊಂಡ್ನಿ. ನಾವು ಬೌದ್ಧರ್ರಿ. ಅಜ್ಜನ ಕಾಲಕ್ಕ ನಮ್ಮ ಓಣಿ ಊರ ಹೊರಗ ಇತ್ತು. ಬಾಯಿಲೆ ಹೇಳಾಕ ಆಗದವರು ರೊಟ್ಟಿ ಕಮ್ಮಿ ಮಾಡಿ ಹೇಳ್ತಾರ. ನನಗ ಅದು ಹೊಸಾದಲ್ರಿ."

"ಅಯ್ಯ ಶಿವನ! ಇಲ್ರೀ ಅಣ್ಣಾರ! ಸಕ್ರಿ ರೋಗದ ಸಲುವಾಗ್ರಿ. ಡಾಕ್ಟರು ಹೇಳಿದ್ರು. ಬೇಕಾದ್ರ ಚೀಟಿ ತೋರಸ್ತೇನಿ..."

"ಚೀಟಿ ಯಾಕ್ರಿ. ಈಗ ತಿಳೀತಲ್ಲ."

ತಿಳಿಯಿತು ಎಂದನೇ ಹೊರತು ನಂಬಿದ ಎಂದು ಹೇಗೆ ಹೇಳುವುದು? ನಂಬಿಸುವ ದಾರಿಯೂ ಅವಳಿಗೆ ಕಾಣಲಿಲ್ಲ. "ಒಳಗ ಬರ್ರಿ, ಬಿಸಿ ರೊಟ್ಟಿ ಬಡೀತೇನಿ, ಉಂಡು ಹೋಗ್ರಿ," ಎಂದು ಎರಡು ಸಲ, ಮೂರು ಸಲ ಹೇಳಿದಳು.

"ಊಟ ಆಗೇತ್ರಿ ವೈನಿ," ಎಂದ ಬಾಳು.

ಮುಂಜಾನೆ ಹತ್ತು ಗಂಟೆಗೆ ಯಾರ ಊಟ ಆಗಿರುತ್ತದೆ? ಅವನು ಹಣ್ಣಿನ ಚೀಲವನ್ನು ಕಟ್ಟೆಯ ಮೇಲಿಟ್ಟು, ಒಳಗಿನಿಂದ ಬಂದ ಶ್ರೀಶೈಲನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಬರತೇನಿ ಅಣ್ಣಾ, ಹೊಸಾ ಡ್ರೈವರ್ ಕಾಯಾಕತ್ತಿರ್ತಾನ," ಎಂದು ಹೊರಟುಹೋದ. ಡಿಪೋದ ಗೇಟಿನಲ್ಲಿ ದಿನವೂ ಕಾಣುವ ಇಬ್ಬರು, ಬೀಗರಂತೆ ಬೀಳ್ಕೊಂಡರು.

ಅನ್ನಪೂರ್ಣಾ ಒಲೆಯ ಮುಂದೆ ಹೋಗಿ ಕುಳಿತಳು. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗಂಡನನ್ನು ಕೇಳಿದಳು. "ನನ್ನ ಹೆಸರು ಹೇಳಿ ಉಣಿಸಿದ್ರಿ. ನನಗ ಮಾತ್ರ ಹೇಳಲಿಲ್ಲ. ಡಾಕ್ಟರ್ ಮುಂದ ಹೇಳಲಿಲ್ಲ, ರೊಟ್ಟಿ ಹೆಚ್ಚ ಕೇಳಿದಾಗೂ ಹೇಳಲಿಲ್ಲ. ಯಾಕ್ರಿ? ನಾನೇನು ಅಷ್ಟು ಕೆಟ್ಟಾಕೇನು?"

ಶ್ರೀಶೈಲ ಒಂದು ಪೇರಲಹಣ್ಣನ್ನು ಅಂಗಿಯ ತುದಿಗೆ ಒರೆಸುತ್ತಿದ್ದ.

"ಕೆಟ್ಟಾಕಿ ಅಂತ ಅಲ್ಲ. ಹೇಳಿದ್ರ ನೀ ಏನಂತಿದ್ದಿ ಅನ್ನೂದು ನನಗ ಗೊತ್ತಿರಲಿಲ್ಲ," ಎಂದ. "ಗೊತ್ತು ಮಾಡ್ಕೊಳ್ಳೂದೂ ಬ್ಯಾಡ ಆಗಿತ್ತು."

ಇನ್ನೂ ಎರಡು ಹೆಚ್ಚು ಕಟ್ಟುತ್ತಿದ್ದೆ. ಉತ್ತರ ಅವಳ ನಾಲಿಗೆಯ ತುದಿಗೇ ಬಂತು. ಆದರೆ ಅದಕ್ಕಿಂತ ಮೊದಲು ಕಣ್ಣ ಮುಂದೆ ಬಂದದ್ದು ಸಂಪಗಾಂವದ ತವರುಮನೆಯ ದನದ ಕೊಟ್ಟಿಗೆ. ಅದರ ಗೋಡೆಯ ಗೂಡಿನಲ್ಲಿ, ಊರ ಹೊರಗಿನ ಓಣಿಯವರಿಗೆಂದು ಬೇರೆಯಾಗಿ ಇಟ್ಟಿರುತ್ತಿದ್ದ ಚಹಾದ ಬಟ್ಟಲು. ಅದನ್ನು ಅಲ್ಲಿ ಇಟ್ಟವಳು ಅವಳಲ್ಲ. ಅಲ್ಲಿ ಯಾಕಿದೆ ಎಂದು ಯಾರನ್ನೂ ಕೇಳಿದವಳೂ ಅಲ್ಲ.

"ಇನ್ನೂ ಎರಡು ಹೆಚ್ಚ ಕಟ್ಟತಿದ್ನಿ," ಎಂದಳು ಅನ್ನಪೂರ್ಣಾ.

ಹೇಳುವುದು ತುಸು ತಡವಾಗಿತ್ತು. ಗೇರು ಬೀಳುವುದು ಕೂದಲೆಳೆಯಷ್ಟು ತಡವಾದರೂ ಗುರುತಿಸುತ್ತಿದ್ದ ಡ್ರೈವರ್ ಅವನು, ಆ ತಡವನ್ನೂ ಕೇಳಿಸಿಕೊಂಡ.

"ಹೂಂ," ಎಂದು, ಹಣ್ಣು ಹೆಚ್ಚಲು ಚಾಕು ಕೇಳಿದ.